ಉಸ್ತಾ ಬಯೂಮಿ ಮತ್ತು ಬಿಕ್ಕಳಿಸುವ ಕೋಟೆ

ಮಹಲ್ಲಾ ಪಟ್ಟಣದ ಬಣ್ಣದ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಜನ "ಉಸ್ತಾ ಬಯೂಮಿಗೆ ಕೇಳಿಸಿ" ಎನ್ನುತ್ತಾರೆ. ತೋರಿಸಿ ಎನ್ನುವುದಿಲ್ಲ. ಕಸುಬು ಬಲ್ಲವನೆಂದು ಉಸ್ತಾ ಎನಿಸಿಕೊಂಡ ಬಯೂಮಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಬಲಗಿವಿಯನ್ನು ಅದರ ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಮೇಲೆ "ಡಿಸ್ಕು ಇನ್ನು ಹದಿನೈದು ದಿನ, ಅಷ್ಟೆ" ಎಂದೋ "ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಸಾಕು" ಎಂದೋ ಹೇಳುತ್ತಾನೆ. ಎಡಗಿವಿ ಕೇಳಿಸುವುದಿಲ್ಲ. ಅದನ್ನು ಇಪ್ಪತ್ತೇಳು ವರ್ಷ ಮಗ್ಗದ ಸದ್ದಿಗೆ ಕೊಟ್ಟು ಬಂದಿದ್ದಾನೆ.

ಅವನು ಹುಟ್ಟಿದ್ದು ಪಟ್ಟಣದಿಂದ ಎರಡು ಗಂಟೆ ನಡಿಗೆಯ ಹಳ್ಳಿಯಲ್ಲಿ. ಅಪ್ಪ ಹತ್ತಿ ಬಿಡಿಸುವವನು. ಬಯೂಮಿ ಹದಿನಾರಕ್ಕೆ ಗಿರಣಿ ಸೇರಿದ. ಮೊದಲು ಮಗ್ಗಕ್ಕೆ ಎಣ್ಣೆ ಹಾಕುವ ಕೆಲಸ, ಆಮೇಲೆ ಮಗ್ಗ ರಿಪೇರಿ. ನೂರಾರು ಮಗ್ಗಗಳು ಒಟ್ಟಿಗೆ ಓಡುವ ಶೆಡ್ಡಿನಲ್ಲಿ, ಯಾವ ಸಾಲಿನ ಎಷ್ಟನೆಯ ಮಗ್ಗದ ಲಾಳಿ ತಡವರಿಸುತ್ತಿದೆ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದ. ನಲವತ್ಮೂರನೆಯ ವಯಸ್ಸಿಗೆ ಆ ಹಳೆಯ ಶೆಡ್ಡು ಮುಚ್ಚಿತು. ಒಂದು ಲಕೋಟೆ, ಒಂದು ಕೈಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಎರಡು ತಿಂಗಳು ಮನೆಯಲ್ಲಿ ಕುಳಿತು, ಹೆಂಡತಿ ಸನಿಯ್ಯಳ ಹೊಲಿಗೆ ಯಂತ್ರವನ್ನು ಒಂಬತ್ತು ಸಲ ಬಿಚ್ಚಿ ಜೋಡಿಸಿದ. ಹತ್ತನೆಯ ಸಲ ಅವಳು ಸ್ಕ್ರೂಡ್ರೈವರ್ ಕಸಿದುಕೊಂಡು, "ಹೊರಗೆಲ್ಲಾದ್ರೂ ಬಿಚ್ಚಿಕೋ ಹೋಗು" ಎಂದು ಬಾಗಿಲು ತೋರಿಸಿದಳು.

ಹಾಗೆ ಹೊರಟವನು ಸಿಕ್ಕಿಬಿದ್ದಿದ್ದು, ಹಜ್ ಮಾಡಿ ಬಂದದ್ದಕ್ಕೆ ಎಲ್ಲರೂ ಹಾಗ್ಗಾ ಎನ್ನುವ ಇನ್ಶಿರಾಹ್ ಅವರ ಸೈಬರ್ ಕೆಫೆಯಲ್ಲಿ. ಛಾವಣಿಯ ಫ್ಯಾನು ರಿಪೇರಿಗೆಂದು ಹೋದವನು ಅಲ್ಲಿದ್ದ ಕಂಪ್ಯೂಟರುಗಳನ್ನು ಒಂದೊಂದಾಗಿ ಬಿಚ್ಚಿದ. ಒಳಗೆ ನೂಲಿಲ್ಲ, ಎಣ್ಣೆಯಿಲ್ಲ. ಆದರೂ ಒಂದು ಇನ್ನೊಂದಕ್ಕಾಗಿ ಕಾಯುತ್ತದೆ, ಒಂದು ಇನ್ನೊಂದಕ್ಕೆ ಒಪ್ಪಿಸುತ್ತದೆ. ಅಷ್ಟು ಗೊತ್ತಾದ ಮೇಲೆ ಅವನಿಗೆ ಉಳಿದದ್ದು ಕಷ್ಟವೆನಿಸಲಿಲ್ಲ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಲು ಕಲಿತ. ಹಾಗ್ಗಾ ಅವರ ಗಂಡ ತೀರಿಕೊಂಡ ಮೇಲೆ ಅಂಗಡಿಯ ಯಂತ್ರಗಳೆಲ್ಲ ಅವನ ಕೈಗೇ ಬಂದವು. ಗಲ್ಲಾಪೆಟ್ಟಿಗೆ ಮತ್ತು ಜಪಮಣಿ ಹಾಗ್ಗಾ ಅವರ ಕೈಯಲ್ಲಿ.

ಸೈಬರಿನಲ್ಲಿ ಹನ್ನೆರಡು ಯಂತ್ರಗಳು. ಬಾಗಿಲ ಬಳಿಯ ಒಂದನೆಯದು ಮಾತ್ರ ಹೊಸದು. ಉಳಿದ ಹನ್ನೊಂದೂ ಯೂರೋಪಿನ ಯಾವುದೋ ಕಚೇರಿಗಳಲ್ಲಿ ದುಡಿದು, ಸವೆದು, ಹಡಗು ಹತ್ತಿ ಬಂದಂಥವು. ಅವುಗಳ ಪ್ರೊಸೆಸರಿಗೆ ಒಂಬತ್ತು ವರ್ಷ. ಕಳೆದ ಚಳಿಗಾಲದಲ್ಲಿ ಬಯೂಮಿ ಹಟ ಹಿಡಿದು ಎಲ್ಲಕ್ಕೂ ಒಂದೇ ಜಾತಿಯ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದ.

ಆ ವರ್ಷದ ರಂಜಾನ್ ಬೇಸಿಗೆಗೆ ಬಿದ್ದಿತ್ತು. ಮೊದಲ ವಾರದ ಒಂದು ಭಾನುವಾರ ಹಾಗ್ಗಾ ಅವನನ್ನು ಕರೆದು ಕೂರಿಸಿಕೊಂಡರು.

"ಬಯೂಮಿ, ಪಂದ್ಯಾವಳಿ ಈ ಸಲ ಲುತ್ಫಿ ಅಂಗಡಿಗೆ ಹೋಗತ್ತಂತೆ. ಕೇಳಿದ್ಯಾ?"

ಹನ್ನೊಂದು ವರ್ಷದಿಂದ ನಾಲ್ಕು ಓಣಿಗಳ ರಂಜಾನ್ ಪಂದ್ಯಾವಳಿ ನಡೆಯುತ್ತಿದ್ದದ್ದು ಇದೇ ಸೈಬರಿನಲ್ಲಿ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕುಳಿತರೆ, ಇಫ್ತಾರಿನ ತೋಪು ಹಾರುವವರೆಗೆ ಹಸಿವು ನೆನಪಾಗದಂತೆ ಆಟ. ಆಡುವುದು ಎಲ್ಲರೂ 'ಕೋಟೆ' ಎಂದು ಕರೆಯುವ ಆಟ: ಒಬ್ಬೊಬ್ಬ ಆಟಗಾರನ ಹಿಂದೆ ಐನೂರು ಸೈನಿಕರು, ಆರು ಜನರ ತಂಡ ಕೋಟೆ ಕಾಯಬೇಕು, ಇನ್ನಾರು ಜನ ಮುತ್ತಬೇಕು. ದೊಡ್ಡ ರಸ್ತೆಯಲ್ಲಿ ಲುತ್ಫಿ ಹೊಸದಾಗಿ ತೆರೆದ ಅಂಗಡಿಯಲ್ಲಿ ಬಣ್ಣಬಣ್ಣದ ದೀಪದ ಹೊಚ್ಚಹೊಸ ಯಂತ್ರಗಳಿದ್ದವು.

"ನಾಲ್ಕು ತಂಡದ ನಾಯಕರೂ ಗುರುವಾರ ಅಸರ್ ಆದ್ಮೇಲೆ ಇಲ್ಲಿಗೆ ಬಂದು ಆಡಿ ನೋಡ್ತಾರಂತೆ. ಕೋಟೆ ಬಾಗಿಲು ಒಡೆಯೋ ಹೊತ್ತಿಗೆ ನಮ್ಮಲ್ಲಿ ಆಟ ತೆವಳತ್ತೆ ಅಂತ ಅವರ ದೂರು. ಸುಳ್ಳಲ್ಲ, ನಾನೂ ನೋಡಿದೀನಿ. ನೇರ ಹೇಳಿಬಿಡ್ತೀನಿ: ಪಂದ್ಯಾವಳಿ ಹೋದ್ರೆ ಗಿರಾಕೀನೂ ಹೋದ ಹಾಗೆ. ಈದ್ ಮುಗಿದ ಮೇಲೆ ಅಂಗಡೀನ ನಮ್ಮ ತಂಗಿ ಮಗನಿಗೆ ಕೊಟ್ಬಿಡ್ತೀನಿ. ಪರದೆ ಬಟ್ಟೆ ಮಾರ್ತಾನಂತೆ."

"ಪರದೇನಾ ಹಾಗ್ಗಾ?"

"ಹೂಂ. ಪರದೆ ಬಿಕ್ಕಳಿಸಲ್ಲ, ಕೆಡಲ್ಲ, ಅದಕ್ಕೆ ಉಸ್ತಾನೂ ಬೇಡ."

ಕೊನೆಯ ಮಾತು ಬಯೂಮಿಯ ಎದೆಗೆ ನಾಟಿತು. ಐವತ್ತೆರಡನೆಯ ವಯಸ್ಸಿಗೆ ಎರಡನೆಯ ಶೆಡ್ಡೂ ಮುಚ್ಚುವುದೆಂದರೆ! ಎದ್ದು ಹೋಗಿ ಏಳನೆಯ ಯಂತ್ರದ ಮುಂದೆ ಕುಳಿತ. ಗುರುವಾರಕ್ಕೆ ನಾಲ್ಕೇ ದಿನ.

ಏಳರಲ್ಲಿ ಆಗ ಆಡುತ್ತಿದ್ದವನು ವಗ್ದಿ. ಓಣಿಯ ಮೂಲೆಯ ಔಷಧಿ ಅಂಗಡಿಯವನು, ಹಾಗಾಗಿ ಎಲ್ಲರಿಗೂ ಡಾಕ್ಟರು. ಓಣಿಯ ತಂಡದ ನಾಯಕನೂ ಹೌದು. ಕೋಟೆಯ ಬಾಗಿಲು ಮುರಿಯಿತು. ಮೂರು ಸಾವಿರ ಸೈನಿಕರು ಒಳನುಗ್ಗಿದರು. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮು ಎಂದು ತೋರಿಸುವ ಅಂಕಿ ಅರವತ್ತರಿಂದ ಇಪ್ಪತ್ತೆರಡಕ್ಕೆ ಜಾರಿತು. ಕತ್ತಿಗಳು ಜೇನಿನಲ್ಲಿ ಅದ್ದಿದಂತೆ ಏಳುತ್ತಿದ್ದವು.

"ನೋಡಿ ಉಸ್ತಾ, ನೋಡಿ! ನನ್ನ ಸೈನಿಕರೂ ಉಪವಾಸ ಮಾಡ್ತಿದಾರೆ" ಎಂದ ವಗ್ದಿ.

ಬಯೂಮಿ ಆಗಲೇ ಕಿವಿಯನ್ನು ಪೆಟ್ಟಿಗೆಗೆ ಒತ್ತಿದ್ದ. ಯುದ್ಧ ಜೋರಾಗುತ್ತಿದ್ದ ಹಾಗೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಇಳಿಯುತ್ತಿತ್ತು! ಏರಬೇಕಾದದ್ದು ಇಳಿಯುತ್ತಿತ್ತು. ಹಿಂಭಾಗಕ್ಕೆ ಅಂಗೈ ಹಿಡಿದು ನೋಡಿದ. ಬರುತ್ತಿದ್ದದ್ದು ಬೆಚ್ಚನೆಯ ಗಾಳಿಯೂ ಅಲ್ಲ.

"ಡಾಕ್ಟ್ರೇ, ಕಾರ್ಡು ಸುಮ್ನೆ ಕೂತಿದೆ!"

"ಅಂದ್ರೆ?"

"ಅಂದ್ರೆ ಅದಕ್ಕೆ ಕೆಲಸಾನೇ ಬರ್ತಿಲ್ಲ. ಕೊಡೋನು ತಡ ಮಾಡ್ತಿದಾನೆ."

ಆಟದ ಆಯ್ಕೆಗಳ ಪುಟ ತೆರೆದ. ಚಿತ್ರವನ್ನು ಕಾರ್ಡಿಗೆ ತಲುಪಿಸಲು ಅಲ್ಲಿ ಎರಡು ದಾರಿಗಳಿದ್ದವು. ಒಂದು ಇಷ್ಟು ದಿನ ನಡೆದದ್ದು. ಇನ್ನೊಂದು ವಲ್ಕನ್ ಎಂಬ ಹೊಸದು. ಅದನ್ನು ಯಾರೂ ಮುಟ್ಟಿರಲಿಲ್ಲ.

ವಗ್ದಿ ನಕ್ಕುಬಿಟ್ಟ. "ಅಯ್ಯೋ ಉಸ್ತಾ, ಅದೆಲ್ಲ ಬರೀ ಬೊಗಳೆ. ಹೋದ ತಿಂಗಳೇ ಒಂದನೇ ಯಂತ್ರದಲ್ಲಿ ಹಾಕಿ ನೋಡಿದೀನಿ. ಹಳೇದ್ರಲ್ಲಿ ಎಪ್ಪತ್ತೊಂದು, ಹೊಸದ್ರಲ್ಲಿ ಎಪ್ಪತ್ತೆರಡು. ಒಂದು ಫ್ರೇಮಿಗೋಸ್ಕರ ಯಾರಾದ್ರೂ ಮೆರವಣಿಗೆ ಮಾಡ್ತಾರಾ? ಫೋನಲ್ಲಿ ಓದಿ ನೋಡಿ, ಒಬ್ಬ ಎರಡರಷ್ಟಾಯ್ತು ಅಂತಾನೆ, ಇನ್ನೊಬ್ಬ ಇದ್ದದ್ದೂ ಹೋಯ್ತು ಅಂತ ಅಳ್ತಾನೆ."

"ಒಂದನೇದ್ರಲ್ಲಿ ನೋಡಿದ್ರಾ? ತಪ್ಪು ಮಾಡಿದ್ರಿ. ಅದಕ್ಕೆ ಹೊಸ ಪ್ರೊಸೆಸರ್ರು."

"ಒಳ್ಳೇ ಯಂತ್ರದಲ್ಲೇ ಆಗ್ದಿದ್ದು ಈ ಮುದುಕನಲ್ಲಿ ಆಗತ್ತಾ?"

"ಮುದುಕನಲ್ಲೇ ಆಗೋದು! ಕೇಳಿ ಇಲ್ಲಿ." ಬಯೂಮಿ ಕುರ್ಚಿಯನ್ನು ತಿರುಗಿಸಿ ಕುಳಿತ. ಗಿರಣಿಯ ಮಾತು ಬಂದರೆ ಅವನ ಕೈಗಳು ತಾವಾಗಿ ಮೇಲೇಳುತ್ತಿದ್ದವು. "ಒಂದು ಶೆಡ್ಡಲ್ಲಿ ನಲವತ್ತು ಮಗ್ಗ ಅಂತಿಟ್ಕೊಳ್ಳಿ. ಅದು ಕಾರ್ಡು. ನಾಲ್ಕು ಜನ ಮೇಸ್ತ್ರಿಗಳು, ಅದು ಪ್ರೊಸೆಸರ್ರು. ಯಾವ ಮಗ್ಗಕ್ಕೆ ನೂಲು ಬೇಕಾದ್ರೂ ಚೀಟಿ ಬರೀಬೇಕು. ಕಿಟಕೀಲಿ ಒಬ್ಬ ಗುಮಾಸ್ತ ಕೂತಿದಾನೆ. ಅವನು ಕನ್ನಡಕ ಏರಿಸ್ಕೊಂಡು, ಸಹಿ ಸರಿ ಇದ್ಯಾ, ಮೊಹರು ಸರಿ ಇದ್ಯಾ ಅಂತ ಒಂದೊಂದೇ ಚೀಟಿ ಓದ್ತಾನೆ. ಒಂದೇ ಕಿಟಕಿ. ಒಬ್ಬ ಮೇಸ್ತ್ರಿ ಅಲ್ಲಿ ಬೆವರು ಸುರಿಸ್ತಿದ್ರೆ ಮೂವರು ಆಕಳಿಸ್ತಾ ನಿಂತಿರ್ತಾರೆ. ಮಗ್ಗಗಳು ಬಾಯಿ ಬಿಟ್ಕೊಂಡು ಕಾಯ್ತಿರ್ತವೆ."

"ಹೊಸ ದಾರೀಲಿ?"

"ಗುಮಾಸ್ತನಿಗೆ ರಜಾ! ನಾಲ್ವರೂ ಕೂತು ಒಟ್ಟಿಗೇ ಪಟ್ಟಿ ಬರ್ದು ಸೀದಾ ಶೆಡ್ಡಿಗೆ ತಂದುಹಾಕ್ತಾರೆ. ಆದ್ರೆ ನಿಮ್ಮ ಒಂದನೇ ಯಂತ್ರದಲ್ಲಿ ಮೇಸ್ತ್ರಿಗಳು ಮೊದಲೇ ಚುರುಕು. ಅಲ್ಲಿ ಮಗ್ಗಾನೇ ಓಡೋಷ್ಟು ಓಡ್ತಿದೆ. ಗುಮಾಸ್ತ ಇದ್ರೇನು, ಹೋದ್ರೇನು? ಯಾರು ಯಾರಿಗೆ ಕಾಯ್ತಿದಾರೆ ಅಂತ ಮೊದಲು ನೋಡ್ಬೇಕು ಡಾಕ್ಟ್ರೇ. ಎಲ್ಲರಿಗೂ ಒಂದೇ ಮಾತ್ರೆ ಕೊಡ್ತೀರಾ ನೀವು?"

ವಗ್ದಿ ಗಡ್ಡ ಕೆರೆದುಕೊಂಡ. "ಕೊಡಲ್ಲ" ಎಂದ.

ಹೊಸ ದಾರಿ ಹಾಕಿ, ಅದೇ ಕೋಟೆ, ಅದೇ ಬಾಗಿಲು, ಅದೇ ಮೂರು ಸಾವಿರ ಜನ. ಬಾಗಿಲು ಮುರಿಯಿತು. ಅಂಕಿ ಜಾರಿ ನಲವತ್ನಾಲ್ಕರಲ್ಲಿ ನಿಂತಿತು. ಬಯೂಮಿ ಕುರ್ಚಿಯಿಂದ ನೆಗೆದೇಬಿಟ್ಟ. "ಎರಡರಷ್ಟು! ಎರಡರಷ್ಟು ಹಾಗ್ಗಾ!"

ಅವನ ಮಾತು ಮುಗಿಯುವ ಮೊದಲೇ ಪರದೆ ಗಕ್ಕನೆ ನಿಂತಿತು. ಅರ್ಧ ಸೆಕೆಂಡು. ಮತ್ತೆ ಓಡಿತು. ಎಲ್ಲೋ ಬೆಂಕಿ ಹೊತ್ತಿತು, ಮತ್ತೆ ಗಕ್. ಮಳೆ ಶುರುವಾಯಿತು, ಗಕ್, ಗಕ್. ಹೊಸದೇನು ಕಣ್ಣಿಗೆ ಬಿದ್ದರೂ ಆಟ ಒಮ್ಮೆ ಬಿಕ್ಕಳಿಸುತ್ತಿತ್ತು. ಒಂದು ಬಿಕ್ಕಳಿಕೆ ಮುಗಿಯುವಷ್ಟರಲ್ಲಿ ವಗ್ದಿಯ ನಾಯಕನ ತಲೆ ಹಾರಿಹೋಗಿತ್ತು.

"ಇದಕ್ಕಿಂತ ತೆವಳೋದೇ ವಾಸಿ. ತೆವಳೋನು ಎಲ್ಲಿಗೆ ಹೋಗ್ತಾನೆ ಅಂತಾದ್ರೂ ಗೊತ್ತಾಗತ್ತೆ" ಎಂದು ವಗ್ದಿ ಎದ್ದ. "ನಿಮ್ಮ ಗುಮಾಸ್ತನ್ನ ವಾಪಸ್ ಕರೀರಿ ಉಸ್ತಾ."

ಸೋಮವಾರವೂ ಅದೇ ಗತಿ. ಬಯೂಮಿ ಎಂಟರಲ್ಲಿ ನೋಡಿದ, ಹತ್ತರಲ್ಲಿ ನೋಡಿದ. ಎಲ್ಲ ಕಡೆ ನಲವತ್ತು ದಾಟುತ್ತಿತ್ತು, ಎಲ್ಲ ಕಡೆ ಬಿಕ್ಕುತ್ತಿತ್ತು. ಮನೆಗೆ ಹೋಗಿ ಇಫ್ತಾರಿಗೆ ಕುಳಿತವನು ಸಾರಿನ ಬಟ್ಟಲಿಗೆ ಖರ್ಜೂರ ಅದ್ದಿ ತಿಂದ. ಸನಿಯ್ಯ ನೋಡಿಯೂ ನೋಡದವಳಂತೆ ಇದ್ದಳು.

ಮಂಗಳವಾರ ಬೆಳಿಗ್ಗೆ ಅವನು ಏಳನೆಯ ಯಂತ್ರವನ್ನು ಯಾರಿಗೂ ಕೊಡದೆ ತಾನೇ ಹಿಡಿದು ಕುಳಿತ. ಆಡಲು ಬರುತ್ತಿರಲಿಲ್ಲ. ಸೈನಿಕರನ್ನು ಗೋಡೆಗೆ ಗುದ್ದಿಸುತ್ತ, ಕಂದಕಕ್ಕೆ ಬೀಳಿಸುತ್ತ, ಪ್ರತಿಯೊಂದು ಬಿಕ್ಕಳಿಕೆಗೂ ನೋಟುಪುಸ್ತಕದಲ್ಲಿ ಒಂದೊಂದು ಗೀಟು ಎಳೆದ. ಮೊದಲ ಅರ್ಧ ಗಂಟೆಯಲ್ಲಿ ತೊಂಬತ್ತು ಗೀಟು. ಮುಂದಿನ ಅರ್ಧ ಗಂಟೆಯಲ್ಲಿ ಮೂವತ್ತೊಂದು. ಮಧ್ಯಾಹ್ನದ ನಮಾಜಿನ ಕರೆ ಕೇಳುವ ಹೊತ್ತಿಗೆ ನಾಲ್ಕು. ಆಮೇಲೆ ಒಂದೂ ಇಲ್ಲ! ಆಟ ಎಣ್ಣೆ ಹಚ್ಚಿದ ಲಾಳಿಯಂತೆ ಓಡುತ್ತಿತ್ತು. ಮಳೆ ಬಂದರೂ, ಬೆಂಕಿ ಹತ್ತಿದರೂ, ಬಾಗಿಲು ಮುರಿದರೂ ಒಂದು ಗಕ್ಕೂ ಇಲ್ಲ.

ಬಯೂಮಿ ವಗ್ದಿಯನ್ನು ಕರೆತರಲು ಔಷಧಿ ಅಂಗಡಿಗೆ ಓಡಿದ. ಗಿರಾಕಿಯ ಕೈಗೆ ಚಿಲ್ಲರೆ ಕೊಡಲೂ ಬಿಡದೆ ತೋಳು ಹಿಡಿದು ಎಳೆದುಕೊಂಡು ಬಂದ. "ಈಗ ನೋಡಿ! ಈಗ ಕೂತು ನೋಡಿ!"

ವಗ್ದಿ ಕುಳಿತ. ಬೆಂಕಿ ಹೊತ್ತಿತು. ಗಕ್. ಮಳೆ ಬಂತು. ಗಕ್, ಗಕ್.

"ಉಸ್ತಾ," ವಗ್ದಿ ತಾಳ್ಮೆಯಿಂದ ಕೇಳಿದ, "ನಸುಕಿನ ಸಹರಿ ಊಟಕ್ಕೆ ಸರಿಯಾಗಿ ನೀರು ಕುಡಿದಿದ್ರಾ? ಬಿಸಿಲಿಗೆ ತಲೆ ಸುತ್ತತ್ತೆ ಒಂದೊಂದ್ಸಲ."

ಬಯೂಮಿ ದಂಗಾಗಿ ನಿಂತ. ಹತ್ತು ನಿಮಿಷದ ಹಿಂದೆ ಹೂವಿನಂತೆ ಓಡುತ್ತಿದ್ದ ಯಂತ್ರ. ತಾನು ಹೋಗಿ ಬರುವುದರೊಳಗೆ ಏನಾಯಿತು? ತಿರುಗಿ ನೋಡಿದರೆ ಹಾಗ್ಗಾ ಗಲ್ಲಾದ ಹಿಂದೆ ಜಪಮಣಿ ಎಣಿಸುತ್ತಿದ್ದರು.

"ಹಾಗ್ಗಾ, ಏಳನ್ನ ಮುಟ್ಟಿದ್ರಾ?"

"ಇನ್ನೇನು? ನೀನು ಎದ್ದು ಹೋದೆ, ತೊಳೆದೆ."

ಸೈಬರಿನಲ್ಲಿ ತೊಳೆಯುವುದು ಎಂದರೆ ಇದು: ಒಬ್ಬ ಗಿರಾಕಿ ಎದ್ದ ಕೂಡಲೇ ಹಾಗ್ಗಾ ತಮ್ಮ ಮೇಜಿನಿಂದಲೇ ಒಂದು ಗುಂಡಿ ಒತ್ತಿ ಆ ಯಂತ್ರವನ್ನು ಆರಿಸಿ ಹೊತ್ತಿಸುತ್ತಿದ್ದರು. ಪ್ರತಿ ಯಂತ್ರಕ್ಕೂ ಫ್ರೀಜ್ ಎಂಬ ತಂತ್ರಾಂಶ ಹಾಕಿತ್ತು. ಆರಿ ಹೊತ್ತಿದರೆ ಡಿಸ್ಕು ಮೊದಲಿದ್ದ ಸ್ಥಿತಿಗೆ ಮರಳುತ್ತಿತ್ತು; ನಡುವೆ ಯಾರು ಏನೇ ಬರೆದಿದ್ದರೂ, ಇಟ್ಟಿದ್ದರೂ, ಕೆಡಿಸಿದ್ದರೂ ಅಳಿಸಿಹೋಗುತ್ತಿತ್ತು. ಆಟದ ಆಯ್ಕೆಗಳು ಮಾತ್ರ ಇಂಟರ್ನೆಟ್ಟಿನಲ್ಲಿ, ಆಟಗಾರನ ಖಾತೆಯಲ್ಲಿ ಉಳಿಯುತ್ತಿದ್ದವು. ಚಹಾದ ಲೋಟವನ್ನು ತೊಳೆಯದೆ ಇನ್ನೊಬ್ಬನಿಗೆ ಕೊಡುತ್ತಾರೆಯೇ ಎಂದು ಹಾಗ್ಗಾ ಕೇಳುತ್ತಿದ್ದರು. ಮಹಲ್ಲಾದ ಎಲ್ಲ ಸೈಬರುಗಳಲ್ಲೂ ಇದೇ ಪದ್ಧತಿ. ಎಷ್ಟು ರೂಢಿಯಾಗಿತ್ತೆಂದರೆ ಯಾರ ಕಣ್ಣಿಗೂ ಅದು ಬೀಳುತ್ತಲೇ ಇರಲಿಲ್ಲ.

ಬಯೂಮಿ ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ ನಗಲು ಶುರು ಮಾಡಿದ.

"ಹಾಗ್ಗಾ, ನೀವು ಲೋಟದ ಜೊತೆ ಚಹಾನೂ ತೊಳೀತಿದೀರಿ!"

ಮತ್ತೆ ಏಳನ್ನು ಹಿಡಿದು ಡಿಸ್ಕು ಹುಡುಕಿದ. ಮೂಲೆಯ ಒಂದು ಫೋಲ್ಡರಿನಲ್ಲಿ, ಆಟ ಓಡುತ್ತಿದ್ದ ಹಾಗೆ ಸಣ್ಣ ಸಣ್ಣ ಕಡತಗಳು ಹುಟ್ಟಿಕೊಳ್ಳುತ್ತಿದ್ದವು. ಇಪ್ಪತ್ತು, ಎಂಬತ್ತು, ಇನ್ನೂರು. ಪ್ರತಿ ಗಕ್ಕಿಗೂ ಒಂದೆರಡು. ವಗ್ದಿ ಬೆನ್ನ ಹಿಂದಿನಿಂದ ಬಗ್ಗಿ ನೋಡುತ್ತಿದ್ದ.

"ಬೆಂಕಿ ಹೇಗೆ ಬಿಡಿಸ್ಬೇಕು, ಒದ್ದೆ ಕಲ್ಲು ಹೇಗೆ ಹೊಳೀಬೇಕು ಅನ್ನೋದನ್ನ ಕಾರ್ಡಿನ ಭಾಷೇಲಿ ಒಂದ್ಸಲ ಬರ್ಕೊಳ್ಳತ್ತೆ" ಎಂದ ಬಯೂಮಿ. "ಹಳೇ ದಾರೀಲಿ ಈ ಕೆಲಸಾನ ಗುಮಾಸ್ತ ಒಳಗೊಳಗೇ ಮುಗಿಸ್ತಿದ್ದ. ಈಗ ಅವನಿಲ್ಲ, ಆಟಾನೇ ಬರ್ಕೋಬೇಕು. ಮಗ್ಗಕ್ಕೆ ಹೊಸ ನಕ್ಷೆ ಏರಿಸೋವಾಗ ಮಗ್ಗ ನಿಲ್ಲಲ್ವಾ, ಹಾಗೆ. ಒಂದ್ಸಲ ಏರಿಸಿದ್ರೆ ವರ್ಷಗಟ್ಲೆ ಓಡತ್ತೆ. ನಮ್ಮಲ್ಲಿ ಗಂಟೆಗೊಂದು ಸಲ ನಕ್ಷೆ ಹರಿದು ಬಿಸಾಕ್ತಿದೀವಿ!"

ಅವನು ಏಳನ್ನು ಆರಿಸಿ ಹೊತ್ತಿಸಿದ. ಫೋಲ್ಡರು ತೆರೆದ. ಖಾಲಿ.

ವಗ್ದಿಯ ಹುಬ್ಬು ಮೇಲೇರಿತು. ಈ ಸಲ ಅವನು ನೀರಿನ ಮಾತೆತ್ತಲಿಲ್ಲ.

ಉಪಾಯ ಸರಳವಾಗಿತ್ತು. ಫ್ರೀಜ್ ತೆಗೆಯುವುದು, ಆಟದ ಮೂರೂ ಕೋಟೆಗಳನ್ನು ಪೂರ್ತಿ ಆಡಿ ಆ ಕಡತಗಳೆಲ್ಲ ಹುಟ್ಟುವಂತೆ ಮಾಡುವುದು, ಅವು ಇರುವ ಹಾಗೆಯೇ ಮತ್ತೆ ಫ್ರೀಜ್ ಹಾಕುವುದು. ಆಮೇಲೆ ಎಷ್ಟು ಸಲ ತೊಳೆದರೂ ಚಹಾ ಲೋಟದಲ್ಲೇ ಉಳಿಯುತ್ತದೆ. ಆದರೆ ಫ್ರೀಜಿನ ಗುಪ್ತಪದ ಹಾಗ್ಗಾ ಒಬ್ಬರಿಗೇ ಗೊತ್ತು.

"ಸಾಧ್ಯಾನೇ ಇಲ್ಲ" ಎಂದರು ಹಾಗ್ಗಾ. "ಮೂರು ವರ್ಷದ ಹಿಂದೆ ಈದ್ ವಾರದಲ್ಲಿ ಒಂದು ದಿನ ತೆಗೆದಿದ್ರು ನಮ್ಮೆಜಮಾನ್ರು, ಅಲ್ಲಾ ಅವರಿಗೆ ಕರುಣೆ ತೋರಲಿ. ಯಾವನೋ ಒಂದು ಪೆನ್‌ಡ್ರೈವ್ ಚುಚ್ಚಿದ. ಸಂಜೆಯೊಳಗೆ ಹನ್ನೆರಡೂ ಸತ್ತು ಮಲಗಿದ್ವು. ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದು ಇನ್ನೂ ನನ್ನ ಕಣ್ಮುಂದೆ ಇದೆ. ಬೇಡ ಬಯೂಮಿ."

"ಬಾಗಿಲು ಹಾಕ್ಕೊಳ್ಳೋಣ. ಹೊರಗಿನ ತಂತಿ ಕಿತ್ತುಬಿಡ್ತೀನಿ. ಒಂದು ಪೆನ್‌ಡ್ರೈವ್ ಕೂಡ ಒಳಗೆ ಬರಲ್ಲ."

"ಅಷ್ಟಾದ್ರೂ ಆಗದೇ ಹೋದ್ರೆ?"

"ಆಗದೇ ಹೋದ್ರೆ ಪರದೆ ಅಂಗಡಿಗೆ ಹಲಗೆ ನಾನೇ ಹೊಡ್ದುಕೊಡ್ತೀನಿ ಹಾಗ್ಗಾ. ಆದ್ರೆ ನೋಡ್ದೇನೇ ಹೇಗೆ ಬಿಡ್ಲಿ? ಕಣ್ಣಾರೆ ಓಡಿದ್ದು ನೋಡಿದೀನಿ!"

ಹಾಗ್ಗಾ ಅವನ ಮುಖವನ್ನು ದಿಟ್ಟಿಸಿದರು. ಜಪಮಣಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಎದ್ದರು. "ನಾಳೆ ಬೆಳಿಗ್ಗೆ. ಮತ್ತೆ ನಾನು ಗುಪ್ತಪದ ಒತ್ತೋವಾಗ ಇಬ್ರೂ ಗೋಡೆ ಕಡೆ ಮುಖ ಮಾಡಿ ನಿಲ್ಬೇಕು."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಉಸ್ತಾ ಬಯೂಮಿಯೂ ಡಾಕ್ಟರ್ ವಗ್ದಿಯೂ ಶಾಲೆಯಲ್ಲಿ ಶಿಕ್ಷೆಗೊಳಗಾದವರಂತೆ ಗೋಡೆಗೆ ಮುಖ ಮಾಡಿ ಹನ್ನೆರಡು ಸಲ ನಿಂತರು. ಒಂದು ಯಂತ್ರದಲ್ಲಿ ಹುಟ್ಟಿದ ಕಡತಗಳನ್ನು ಉಳಿದವಕ್ಕೆ ನಕಲು ಮಾಡಿದರೆ ಸಾಕೇ ಎಂದು ಬಯೂಮಿ ಮೊದಲು ನೋಡಿದ. ಏಳರದ್ದನ್ನು ಎಂಟಕ್ಕೆ ಹಾಕಿದರೆ ಎಂಟು ಅದನ್ನು ಮೂಸಿಯೂ ನೋಡಲಿಲ್ಲ. ಕಾರ್ಡು ಒಂದೇ ಆದರೂ ಅದನ್ನು ನಡೆಸುವ ಡ್ರೈವರುಗಳನ್ನು ಬೇರೆ ಬೇರೆ ದಿನ ಹಾಕಿದ್ದರಿಂದ ಒಂದರ ಬರಹ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಹನ್ನೆರಡನ್ನೂ ಆಡಿಯೇ ತುಂಬಬೇಕು. ಕೈಗಳಿದ್ದದ್ದು ಎರಡು ಜೊತೆ.

"ಸಾಲಲ್ಲ" ಎಂದ ವಗ್ದಿ ಲೆಕ್ಕ ಹಾಕಿ. "ಇಬ್ರೇ ಆಡಿದ್ರೆ ಸಂಜೆ ಮಗ್ರಿಬ್ ನಮಾಜ್ ಆದ್ರೂ ಮುಗಿಯಲ್ಲ."

"ಮೂರನೇದು ನಾನಿಲ್ವಾ?" ಎಂದರು ಹಾಗ್ಗಾ.

ಇಬ್ಬರೂ ತಿರುಗಿ ನೋಡಿದರು.

"ಏನ್ ನೋಡ್ತೀರಿ? ಹನ್ನೊಂದು ವರ್ಷದಿಂದ ಇವರ ಬೆನ್ನು ನೋಡ್ತಾ ಕೂತಿದೀನಿ. ಮೌಸ್ ಹಿಡಿದು ಒತ್ತೋದು ತಾನೇ?"

ಮುಂದಿನ ಆರು ಗಂಟೆ ಆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದು ಓಣಿಯಲ್ಲಿ ಇಂದಿಗೂ ಬಗೆಬಗೆಯಾಗಿ ಹೇಳಲ್ಪಡುತ್ತದೆ. ವಗ್ದಿ ಹಲ್ಲು ಕಚ್ಚಿ ಗೆಲ್ಲುತ್ತಿದ್ದ, ಬಯೂಮಿ "ಗೆಲ್ಲೋದು ಬೇಡ ಡಾಕ್ಟ್ರೇ, ಎಲ್ಲಾ ಸುಡಿ, ಎಲ್ಲಾ ಒಡೀರಿ, ಮೂಲೆಮೂಲೆ ತೋರಿಸಿ ಅದಕ್ಕೆ!" ಎಂದು ಕೂಗುತ್ತಿದ್ದ. ಹಾಗ್ಗಾ ಎಡಗೈಯಲ್ಲಿ ಜಪಮಣಿ ಹಿಡಿದು, ಬಲಗೈಯಿಂದ ಐನೂರು ಜನರನ್ನು ಒಂದೇ ಸಲ ಕಂದಕಕ್ಕೆ ನಡೆಸಿದರು.

"ಅಯ್ಯೋ ನನ್ನ ಮಕ್ಳಾ! ಬಯೂಮಿ, ಇವ್ರು ಈಜಲ್ವೇನೋ?"

"ಕವಚ ಹಾಕಿದಾರೆ ಹಾಗ್ಗಾ, ಹೇಗೆ ಈಜ್ತಾರೆ?"

"ಮುಂಚೇನೇ ಹೇಳ್ಬಾರ್ದಾ! ತಾಯಂದಿರಿಗೆ ಏನ್ ಹೇಳ್ಲಿ ನಾನು?"

ಎರಡನೆಯ ಯಂತ್ರದ ಹೊತ್ತಿಗೆ ಅವರಿಗೆ ಕವಣೆಯಂತ್ರ ಸಿಕ್ಕಿತು. ಅದರಿಂದ ಬೆಂಕಿಯುಂಡೆ ಎಸೆಯಬಹುದೆಂದು ತಿಳಿಯಿತು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಗೋಪುರ, ಲಾಯ, ಧಾನ್ಯದ ಕಣಜ, ತಮ್ಮದೇ ಡೇರೆ, ಎಲ್ಲಕ್ಕೂ ಬೆಂಕಿ ಬಿತ್ತು. ಬಾಯಲ್ಲಿ ಅಲ್ಲಾಹನ ಹೆಸರು, ಕೈಯಲ್ಲಿ ಅಗ್ನಿಕಾಂಡ. ಬಯೂಮಿ ಹಿಂದಿನಿಂದ ಬಂದು ಫೋಲ್ಡರು ತೆರೆದು ನೋಡಿದರೆ ಅವರ ಯಂತ್ರದಲ್ಲಿ ವಗ್ದಿಯದಕ್ಕಿಂತ ನೂರಾ ಹತ್ತು ಕಡತ ಹೆಚ್ಚಿಗೆ ಹುಟ್ಟಿದ್ದವು.

"ಡಾಕ್ಟ್ರೇ, ಹಾಗ್ಗಾನ ನೋಡಿ ಕಲೀರಿ!"

ನಾಲ್ಕು ಗಂಟೆ ದಾಟಿದ ಮೇಲೆ ಹನ್ನೆರಡನೆಯದೂ ಮುಗಿಯಿತು. ಮತ್ತೆ ಗೋಡೆಗೆ ಮುಖ, ಮತ್ತೆ ಫ್ರೀಜ್. ಯಂತ್ರಗಳನ್ನು ಆರಿಸಿ ಹೊತ್ತಿಸಿ ನೋಡುವಷ್ಟು ವ್ಯವಧಾನ ಇರಲಿಲ್ಲ. ಹೊಸ ಸರತಿಯ ಗಿರಾಕಿಗಳು ಬಾಗಿಲು ಬಡಿಯುತ್ತಿದ್ದರು. ಬಯೂಮಿ ಏಳನ್ನೊಂದೇ ನೋಡಿದ. ಸರಿಯಿತ್ತು. ಉಳಿದ ಹನ್ನೊಂದನ್ನು ದೇವರಿಗೆ ಬಿಟ್ಟ; ಕಡತಗಳು ಹೋದಾವೆಂಬ ಭಯಕ್ಕೆ, ಗುರುವಾರದ ಆಟ ಮುಗಿಯುವವರೆಗೆ ಅವನ್ನು ಆರಿಸಬೇಡಿ, ತೊಳೆಯಬೇಡಿ ಎಂದು ಹಾಗ್ಗಾ ಅವರಿಗೆ ಹೇಳಿದ.

ಗುರುವಾರ ಅಸರ್ ಮುಗಿಸಿ ನಾಲ್ವರು ನಾಯಕರು ಬಂದರು. ಹೊರಗೆ ನಲವತ್ತು ಡಿಗ್ರಿಯ ಬಿಸಿಲು. ಎಲ್ಲರ ತುಟಿಯೂ ಒಣಗಿತ್ತು. ವಗ್ದಿ ಒಬ್ಬ. ರೈಲು ಓಣಿಯವನೂ ನೂಲುವವರ ಕಾಲೊನಿಯವನೂ ಬಾಯಿ ಬಿಡದ ಜನ, ಇಬ್ಬರೂ ನೋಡುವುದು ಸುಬ್ಹಿಯ ಮುಖವನ್ನು. ಸುಬ್ಹಿ ಮೈಕ್ರೋಬಸ್ ಓಡಿಸುವವನು. ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುವವನು ಬೆಳಗಿನಿಂದ ಒಂದೂ ಸೇದದೆ ಇದ್ದರೆ ಎಂಥ ಮುಖ ಇರುತ್ತದೋ ಅಂಥ ಮುಖ ಹೊತ್ತು ಒಳಗೆ ಬಂದ.

"ಬೇಗ ಆಗ್ಲಿ ಉಸ್ತಾ. ಲುತ್ಫಿ ಅಲ್ಲಿ ಕುರ್ಚಿಗೆ ಹೊಸ ದಿಂಬು ಹಾಕ್ಸಿದಾನೆ. ನಿಮ್ಮ ಕುರ್ಚೀಲಿ ಕೂತ್ರೆ ನನ್ನ ಬಸ್ಸಿನ ನೆನಪಾಗತ್ತೆ."

"ಬಸ್ಸಲ್ಲಿ ಕೂತೋರಿಗೂ ಹಾಗೇ ಅನ್ಸತ್ತೆ ಸುಬ್ಹಿ, ನಿನಗೆ ಯಾರೂ ಹೇಳಿಲ್ಲ ಅಷ್ಟೆ" ಎಂದರು ಹಾಗ್ಗಾ.

ನಾಲ್ವರೂ ಕುಳಿತರು, ಅವರ ಜೊತೆಗೆ ಬಂದ ಎಂಟು ಜನರೂ ಕುಳಿತರು. ಹನ್ನೆರಡೂ ಯಂತ್ರ, ಒಂದೇ ಕೋಟೆ. ಬಯೂಮಿ ಸಾಲಿನ ಹಿಂದೆ ನಿಂತ. ಬಾಗಿಲು ಮುರಿದಾಗ ಅವನು ಉಸಿರು ಹಿಡಿದಿದ್ದ. ನಲವತ್ತಾರು. ನಲವತ್ಮೂರು. ನಲವತ್ತೊಂದು. ಬೆಂಕಿ ಹೊತ್ತಿತು. ಮಳೆ ಬಿತ್ತು. ಹನ್ನೆರಡು ಪರದೆಗಳಲ್ಲೂ ಜನ ಪ್ರವಾಹದಂತೆ ಒಳನುಗ್ಗಿದರು, ಎಲ್ಲೂ ಒಂದು ಗಕ್ಕಿಲ್ಲ!

ರೈಲು ಓಣಿಯವನ ಬಾಯಿಂದ ಮೊದಲ ಸಲ ಮಾತು ಬಂತು: "ಓಹೋಹೋ!"

ಸುಬ್ಹಿ ಮಾತ್ರ ಮೌಸನ್ನು ಕೆಳಗಿಟ್ಟ. ಕುರ್ಚಿ ಹಿಂದಕ್ಕೆ ತಳ್ಳಿದ.

"ಉಸ್ತಾ, ನಾನು ಲುತ್ಫಿ ಹತ್ರಾನೂ ವಲ್ಕನ್ ನೋಡಿದೀನಿ. ಬೆಳಿಗ್ಗೆಯಿಂದ ಓಡಿಸಿಟ್ರೆ ಸಂಜೆ ಚೆನ್ನಾಗೇ ಓಡತ್ತೆ. ತೊಳೆದ ಮೇಲೆ ಮತ್ತೆ ಬಿಕ್ಕಳಿಕೆ. ಬೇಜಾರಾಗಿ ಅವನು ಹಳೇ ದಾರಿಗೇ ಹಾಕ್ಬಿಟ್ಟ, ಅವನ ಹೊಸ ಯಂತ್ರಕ್ಕೆ ಅದೇ ಸಾಕು. ನೀವು ನಮ್ಮನ್ನ ಕೂರಿಸೋಕ್ಮುಂಚೆ ಬೆಳಿಗ್ಗೆಯಿಂದ ಕಾಯಿಸಿಟ್ಟಿದೀರಿ. ಹೌದೋ ಅಲ್ವೋ?"

ವಗ್ದಿ ಏನೋ ಹೇಳಹೋದ. ಬಯೂಮಿ ಕೈ ಎತ್ತಿ ತಡೆದ.

"ಏನ್ ಮಾಡ್ಲಿ ಹೇಳಪ್ಪ."

"ತೊಳೀರಿ. ನಮ್ಮ ಕಣ್ಮುಂದೆ. ಹನ್ನೆರಡೂ."

ಬಯೂಮಿ ಹಾಗ್ಗಾ ಕಡೆ ನೋಡಿದ. ಹಾಗ್ಗಾ ಅವನ ಕಡೆ ನೋಡಿದರು. ಏಳನ್ನು ಬಿಟ್ಟು ಉಳಿದದ್ದನ್ನು ನೋಡಿಲ್ಲವೆಂದು ಅವರಿಗೂ ಗೊತ್ತಿತ್ತು. "ಬಿಸ್ಮಿಲ್ಲಾ" ಎಂದು ಗುಂಡಿಗಳನ್ನು ಒಂದೊಂದಾಗಿ ಒತ್ತಿದರು. ಹನ್ನೆರಡು ಪರದೆಗಳೂ ಕಪ್ಪಾದವು.

ಆ ಎರಡು ನಿಮಿಷ ಬಯೂಮಿಗೆ ಗಿರಣಿಯಲ್ಲಿ ಲಕೋಟೆ ಕೊಡಲು ಹೆಸರು ಕರೆಯುತ್ತಿದ್ದ ಬೆಳಗಿಗಿಂತ ಉದ್ದವಾಗಿ ಕಂಡವು. ಪರದೆಗಳು ಒಂದೊಂದಾಗಿ ಬೆಳಗಿದವು. ಒಂದು, ಎರಡು, ಐದು. ಹನ್ನೊಂದನೆಯದು ಮಾತ್ರ ಕಪ್ಪಾಗಿಯೇ ಇತ್ತು. ಬಯೂಮಿ ಅದರ ನೆತ್ತಿಗೆ ಅಂಗೈಯಿಂದ ಒಂದು ಕೊಟ್ಟ, ಅದೂ ಬೆಳಗಿತು. ಸುಬ್ಹಿ ತಾನು ಕುಳಿತಿದ್ದ ಜಾಗ ಬಿಟ್ಟು ಬೇಕೆಂದೇ ಆ ಹನ್ನೊಂದರ ಮುಂದೆ ಬಂದು ಕುಳಿತ. ಎಲ್ಲಕ್ಕಿಂತ ಸವೆದದ್ದು ಅದೇ.

ಕೋಟೆ. ಬಾಗಿಲು. ಸುಬ್ಹಿ ನೇರ ಕವಣೆಯಂತ್ರಕ್ಕೆ ಹೋಗಿ ಗೋಪುರಕ್ಕೆ ಬೆಂಕಿ ಎಸೆದ. ಇಲ್ಲ, ಬಿಕ್ಕಳಿಸಲಿಲ್ಲ. ಧಾನ್ಯದ ಕಣಜಕ್ಕೆ ಎಸೆದ. ಲಾಯಕ್ಕೆ ಎಸೆದ. ಮಳೆಯಲ್ಲಿ ನಿಂತು ಉರಿಯುವ ಡೇರೆಯ ಹೊಗೆಯೊಳಗೆ ಸೈನ್ಯವನ್ನು ನುಗ್ಗಿಸಿದ. ಮೂರು ಸಾವಿರ ಜನ, ಹೊಗೆ, ನೀರು, ಕಿಡಿ. ಮೂವತ್ತೊಂಬತ್ತು. ನಲವತ್ತು. ನಲವತ್ತೆರಡು. ನೀರು ಹರಿದಂತೆ ಓಡಿತು. ಸುಬ್ಹಿಯ ಬೆನ್ನು ನಿಧಾನವಾಗಿ ಮುಂದಕ್ಕೆ ಬಾಗಿತು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಯಿತು. ಆಟ ಮುಗಿಯುವವರೆಗೂ ಅವನು ತಲೆಯೆತ್ತಲಿಲ್ಲ.

"ನಮ್ಮಪ್ಪನಾಣೆ," ಎಂದ ಕೊನೆಗೆ, "ಈ ಮುದಿ ಪೆಟ್ಟಿಗೆ ಓಡ್ತಿದೆ ಕಣ್ರೋ!"

ಅಂಗಡಿಗೆ ಅಂಗಡಿಯೇ ಚಪ್ಪಾಳೆ ತಟ್ಟಿತು. ಕಾಲೊನಿಯವನು "ಇಲ್ಲೇ, ಇಲ್ಲೇ" ಎಂದು ಮೇಜು ಕುಟ್ಟಿದ. ರೈಲು ಓಣಿಯವನು ತಲೆಯಾಡಿಸಿದ. ಸುಬ್ಹಿ ಕೈ ಚಾಚಿ ಬಯೂಮಿಯ ಕೈಯನ್ನು ಎರಡು ಸಲ ಕುಲುಕಿದ. "ಶನಿವಾರ ಮೊದಲ ಪಂದ್ಯ. ಆದ್ರೆ ದಿಂಬು ಬೇಕೇ ಬೇಕು ಹಾಗ್ಗಾ."

"ನಿನ್ನ ಸೊಂಟಕ್ಕೆ ತಕ್ಕ ದಿಂಬು ಮಹಲ್ಲಾದಲ್ಲಿ ಎಲ್ಲಿ ಸಿಗತ್ತೆ, ಹುಡುಕಿಸ್ತೀನಿ."

"ಉಸ್ತಾ, ಮನೇಲಿ ನಂದೊಂದು ಯಂತ್ರ ಇದೆ" ಎಂದು ಸುಬ್ಹಿ ದನಿ ತಗ್ಗಿಸಿದ. "ತಮ್ಮ ಕುವೈತಿಂದ ಹೊಸ ಪ್ರೊಸೆಸರ್ ತಂದುಕೊಟ್ಟ. ಕಾರ್ಡು ಮಾತ್ರ ಆರು ವರ್ಷದ್ದು. ಅದಕ್ಕೂ ವಲ್ಕನ್ ಹಾಕ್ಲಾ? ಎರಡರಷ್ಟಾಗತ್ತಾ?"

ಬಯೂಮಿ ನಿಜ ಹೇಳಿಬಿಟ್ಟ. "ಒಂದು ಫ್ರೇಮು ಬರಬಹುದು. ಬರದೇನೂ ಇರಬಹುದು. ನಿನ್ನ ಮನೇಲಿ ಪ್ರೊಸೆಸರ್ರೇ ಕಾರ್ಡಿಗೆ ಕಾಯ್ತಾ ಕೂತಿದೆ. ನಿನಗೆ ಬೇಕಾಗಿರೋದು ಕಾರ್ಡು."

"ಹಾಗಾದ್ರೆ ಇದು ಬಡವರ ಮದ್ದು ಅನ್ನಿ."

"ಒಂಬತ್ತು ವರ್ಷದ ಮೇಸ್ತ್ರಿಗಳ ಮದ್ದು."

ಸುಬ್ಹಿ ಮುಖ ಸಪ್ಪೆ ಮಾಡಿಕೊಂಡು, ಆಮೇಲೆ ಜೋರಾಗಿ ನಕ್ಕು ಹೊರಟ. ಇಫ್ತಾರಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಎದುರಿನ ಕುನಾಫಾ ಸಿಹಿತಿಂಡಿಯ ಅಂಗಡಿಯ ಮುಂದೆ ಸಾಲು ಬೆಳೆದಿತ್ತು. ಹಾಗ್ಗಾ ಗಲ್ಲಾದ ಹಿಂದೆ ನಿಂತುಕೊಂಡೇ ಫೋನು ಹಚ್ಚಿದರು. ಅವರು ಫೋನಿನಲ್ಲಿ ಯಾವತ್ತೂ ಮೆಲ್ಲಗೆ ಮಾತಾಡಿದವರಲ್ಲ.

"ಹಲೋ, ಯಾರು, ಅಜ್ಮಿ ತಾನೇ? ನಾನು ನಿಮ್ಮ ದೊಡ್ಡಮ್ಮ. ನೋಡಪ್ಪ, ಪರದೆಗೆ ಬೇರೆ ಅಂಗಡಿ ಹುಡುಕ್ಕೋ. ಇಲ್ಲಿ ಶನಿವಾರ ಪಂದ್ಯ ಇದೆ. ಏನು? ಮುಂದಿನ ವರ್ಷನಾ?" ಅವರು ಫೋನಿನ ಬಾಯಿಗೆ ಕೈ ಮುಚ್ಚಿ ಬಯೂಮಿಯ ಕಡೆ ತಿರುಗಿದರು. "ಮುಂದಿನ ವರ್ಷ ಕೊಡ್ತೀರಾ ಅಂತ ಕೇಳ್ತಿದಾನೆ. ಏನ್ ಹೇಳ್ಲಿ?"

ಬಯೂಮಿ ಹನ್ನೊಂದನೆಯ ಯಂತ್ರದ ಮುಚ್ಚಳ ಬಿಚ್ಚಿಯಾಗಿತ್ತು. ಒಂದು ಸ್ಕ್ರೂ ತುಟಿಗಳ ನಡುವೆ ಇತ್ತು. ಬೇಡ ಎನ್ನುವಂತೆ ಸ್ಕ್ರೂಡ್ರೈವರನ್ನೇ ಆಡಿಸಿದ.

"ಉಸ್ತಾ ಬೇಡ ಅಂತಿದಾನಪ್ಪ" ಎಂದರು ಹಾಗ್ಗಾ ಫೋನಿಗೆ. "ಇಲ್ಲಿ ಅವನ ಮಾತೇ ನಡೆಯೋದು."